ಹದಿನೇಳನೇ ನಂಬರಿನ ಅಚ್ಚು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಅಂದು ಮಾತ್ರ ಮೊದಲು ನಗು ಬಂತು, ಕೋಪ ಆಮೇಲೆ.

ಅಣುಸ್ಥಾವರ ಕಟ್ಟುವವರ ಪರವಾಗಿ, ಅಲ್ಲಿಗೆ ಸಾಮಾನು ಕಳಿಸುವ ಕಾರ್ಖಾನೆಗಳಿಗೆ ಹೋಗಿ ತಪಾಸಣೆ ಮಾಡುವುದು ನನ್ನ ಕೆಲಸ. ಅಂದು ನನ್ನ ಮುಂದಿದ್ದದ್ದು ನಲವತ್ತೆರಡು ಉಕ್ಕಿನ ಕೊಳವೆ ತುಂಡುಗಳು. ರಿಯಾಕ್ಟರನ್ನು ತಂಪಾಗಿಡುವ ನೀರು ಅವುಗಳೊಳಗೆ ಹರಿಯಬೇಕು. ಪ್ರತಿ ತುಂಡಿನ ಅಂಚಿನಲ್ಲೂ ಅದನ್ನು ಪರೀಕ್ಷಿಸಿದವನ ನಂಬರನ್ನು ಬೆರಳುದ್ದದ ಉಕ್ಕಿನ ಅಚ್ಚಿಟ್ಟು ಬಡಿದಿರುತ್ತಾರೆ; ಒಬ್ಬೊಬ್ಬ ಪರೀಕ್ಷಕನಿಗೂ ಅವನದೇ ಅಚ್ಚು. ಕಣ್ಣಾರೆ ನೋಡಿದ್ದೇನೆ, ಇದಕ್ಕೆ ನಾನು ಹೊಣೆ ಎಂದು ಅದರ ಅರ್ಥ. ಅಲ್ಲಿದ್ದ ನಂಬರು ಹದಿನೇಳು.

ಹದಿನೇಳು ಎಂದರೆ ನಮ್ಮಪ್ಪ. ಮೂವತ್ತೊಂದು ವರ್ಷ ಇದೇ ಕಾರ್ಖಾನೆಯಲ್ಲಿ ಪರೀಕ್ಷಕನಾಗಿದ್ದ. ಅವನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಕೊಳವೆಗಳು ತಯಾರಾದದ್ದು ಕಳೆದ ತಿಂಗಳು. ನಗು ಬಂದದ್ದು ಆಗಲೇ.

ಅಲ್ಲಿನ ಮೇಸ್ತ್ರಿಗೆ ‘ಆಗ್ಹೋಯ್ತು’ ಎಂದೇ ಅಡ್ಡಹೆಸರು. ಯಾವ ಕೆಲಸ ಕೇಳಿದರೂ ಅವನ ಬಾಯಲ್ಲಿ ಅದು ಆಗಲೇ ಮುಗಿದಿರುತ್ತದೆ.

“ಇವನ್ನ ಪರೀಕ್ಷೆ ಮಾಡಿದ್ಯಾರು?” ಅಂದೆ.

“ಆಗ್ಹೋಯ್ತಲ್ಲ ಮೇಡಂ, ನಂಬರ್ ಇದೆಯಲ್ಲ.”

“ನಂಬರ್ ಇದೆ. ಹೊಡೆದ ಮನುಷ್ಯ ಎಲ್ಲಿ?”

ಅವನು ಗೋಡೆ ಗಡಿಯಾರ ನೋಡಿದ. “ನಿಮ್ಮನೆ ವಿಷಯ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?”

ಒಂದು ತುಂಡನ್ನು ಮೇಜಿಗೆ ಎತ್ತಿಸಿದೆ. ಕೆಂಪು ಬಣ್ಣ ಬಳಿದು, ಸ್ವಲ್ಪ ಹೊತ್ತು ಕಾದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆ. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಹತ್ತು ನಿಮಿಷದೊಳಗೆ ಮೇಲೆ ಬರುತ್ತದೆ. ಇದನ್ನು ನನಗೆ ಕಲಿಸಿದವನು ಅಪ್ಪನೇ, ಹನ್ನೊಂದನೇ ವಯಸ್ಸಿನಲ್ಲಿ, ಅಡುಗೆಮನೆಯಲ್ಲಿ. ಅಮ್ಮನ ಬಾಣಲೆ ನಮ್ಮ ಮೊದಲ ಮಾದರಿ. ಆಮೇಲೆ ಇಬ್ಬರೂ ಬೈಸಿಕೊಂಡೆವು. “ಹತ್ತು ನಿಮಿಷ ಅಂದ್ರೆ ಹತ್ತು ನಿಮಿಷ. ಒಂಬತ್ತೂವರೆ ಅಲ್ಲ,” ಅನ್ನುತ್ತಿದ್ದ.

ಆರನೇ ನಿಮಿಷಕ್ಕೆ ಹದಿನೇಳರ ಪಕ್ಕದಲ್ಲೇ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಉಳಿದ ನಾಲ್ಕು ನಿಮಿಷವನ್ನೂ ಕಾದೆ. ಗೆರೆ ಹೆಬ್ಬೆರಳುದ್ದವಾಯಿತು. ನಲವತ್ತೆರಡಕ್ಕೂ ಬಳಸಕೂಡದೆಂಬ ತಡೆಚೀಟಿ ಕಟ್ಟಿ ನೇರ ಅಪ್ಪನ ಮನೆಗೆ ಹೋದೆ.

ಅಪ್ಪ ಕಿಟಕಿ ಬಳಿ ಕೂತು ನನ್ನ ಮಗಳ ಸೈಕಲ್ ಸರಪಳಿಗೆ ಎಣ್ಣೆ ಬಿಡುತ್ತಿದ್ದ.

“ನಿನ್ನ ಅಚ್ಚು ಎಲ್ಲಿ?”

ನಿವೃತ್ತನಾದ ದಿನವೇ ಅದನ್ನು ಸಾಕ್ಷಿಯ ಎದುರು ಸಾಣೆಗೆ ಕೊಟ್ಟು ಸವೆಸಬೇಕೆಂಬುದು ನಿಯಮ. ನೆನಪಿಗೆ ಇದೊಂದನ್ನು ಬಿಡಿ ಎಂದು ಅಪ್ಪ ಬೇಡಿಕೊಂಡಿದ್ದ. ಕಾರ್ಖಾನೆಯವರೂ ಕರಗಿ ಬಿಟ್ಟುಕೊಟ್ಟಿದ್ದರು. ಅದು ಅಪ್ಪನ ಮನೆಯ ಗಾಜಿನ ಕಪಾಟಿನಲ್ಲಿ, ಪುಟ್ಟ ಡಬ್ಬಿಯೊಳಗೆ, ಪದಕದ ಹಾಗೆ ಕೂತಿತ್ತು. ಬಂದವರಿಗೆಲ್ಲ ತೋರಿಸಿ ಜಂಬ ಪಟ್ಟವಳು ನಾನು. ನಿಯಮ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಈಗ ಡಬ್ಬಿ ಖಾಲಿ.

“ಆಗ್ಹೋಯ್ತು ಬಂದಿದ್ದ,” ಅಂದ ಅಪ್ಪ. “ಹೊಸ ಪರೀಕ್ಷಕನಿಗೆ ಇನ್ನೂ ನಂಬರ್ ಕೊಟ್ಟಿಲ್ವಂತೆ, ಲಾರಿ ನಿಂತಿದೆ ಅಂದ. ನಾಲ್ಕು ದಿನಕ್ಕೆ ಅಂತ ಕೊಟ್ಟೆ.”

“ಮಾಲು ನೋಡದೇನೆ?”

“ಅಲ್ಲಿನ ಕೆಲ್ಸ ನಂಗೊತ್ತಿಲ್ವೇನೇ?”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಪಕ್ಕದ ಮನೆಯವರ ಕಿಟಕಿ ತೆರೆಯುವಷ್ಟು ಜೋರಾಗಿ ಕೂಗಿದೆ. “ಒಂದು ಹದಿನೇಳು ಸುಳ್ಳಾದ್ರೆ ಇನ್ನೊಂದನ್ನ ಯಾರು ನಂಬ್ತಾರೆ? ಗೋಡೆ ಒಳಗೆ ಸೇರ್ಕೊಂಡಿರೋ ಕೊಳವೆನೂ ಅಗೆದು ನೋಡ್ತಾರೆ! ನಿನ್ನ ಮೂವತ್ತೊಂದು ವರ್ಷಾನೂ ಅಗೀತಾರೆ!”

ಅಪ್ಪ ಕೈಗೆ ಅಂಟಿದ ಎಣ್ಣೆಯನ್ನು ನಿಧಾನವಾಗಿ ಒರೆಸಿಕೊಂಡ. “ಬಿರುಕಿದೆ ಅಂತ ಬರೆದು ಅಷ್ಟನ್ನೂ ವಾಪಸ್ ಕಳಿಸ್ಬಿಡು. ನಂಬರ್ ವಿಷ್ಯ ಎತ್ಬೇಡ. ಹೆಸರೊಂದು ಉಳೀಲಿ ಮಗಳೇ.”

ಹಾಗೆ ಮಾಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಅರ್ಧ ಕ್ಷಣ ನಾನೂ ಅದನ್ನೇ ಯೋಚಿಸಿದೆ. ಆ ಅರ್ಧ ಕ್ಷಣಕ್ಕೆ ನನ್ನ ಮೇಲೇ ನನಗೆ ಮೈಯೆಲ್ಲ ಉರಿದುಹೋಯಿತು.

“ಹತ್ತು ನಿಮಿಷ ಅಂದ್ರೆ ಹತ್ತು ನಿಮಿಷ ಅಂದಿದ್ದು ಯಾರು?” ಅಂದೆ.

ಸಂಜೆಯೇ ವರದಿ ಬರೆದೆ. ಅಚ್ಚು ಎಲ್ಲಿಂದ ಬಂತು ಎಂಬಲ್ಲಿ, ‘ನಿವೃತ್ತ ಪರೀಕ್ಷಕನ ಮನೆಯಿಂದ. ಆತ ನನ್ನ ತಂದೆ. ಅಚ್ಚು ಮನೆಯಲ್ಲಿದ್ದದ್ದು ನನಗೂ ಗೊತ್ತಿತ್ತು’ ಎಂದು ತುಂಬಿ, ಮುಂದಿನ ತನಿಖೆಯನ್ನು ಬೇರೆಯವರಿಗೆ ಕೊಡಿ ಎಂದೆ. ತನಿಖೆಗೆ ಬೇರೆಯವರನ್ನು ಕಳಿಸುತ್ತೇವೆ, ಅಚ್ಚಿನ ಗುರುತನ್ನು ಪುರಾವೆಗೆಂದು ಸೀಸದ ತುಂಡಿನ ಮೇಲೆ ತೆಗೆದಿಟ್ಟು, ನಿಮ್ಮ ಸಾಕ್ಷಿಯಲ್ಲೇ ಅಚ್ಚನ್ನು ಅದರ ಒಡೆಯನಿಂದಲೇ ಸವೆಸಿ ಎಂದು ಮೇಲಿನವರು ಹೇಳಿದರು.

ಮರುದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಕಾರ್ಖಾನೆಗೆ ಬಂದ. ಜೇಬಿನಲ್ಲಿ ಹಳೆಯ ಭೂತಗನ್ನಡಿ. “ನಲವತ್ತೆರಡನ್ನೂ ನಾನೇ ನೋಡ್ಕೊಡ್ತೀನಿ,” ಎಂದು ಕೊಳವೆಯತ್ತ ಕೈ ಚಾಚಿದ.

“ಮುಟ್ಬೇಡಿ,” ಅಂದೆ, ಯಾರೋ ಹೊರಗಿನವರಿಗೆ ಹೇಳುವ ಹಾಗೆ. ಅವನ ಕೈ ಅಲ್ಲೇ ನಿಂತಿತು.

ಆಗ್ಹೋಯ್ತು ತನ್ನ ಡ್ರಾಯರಿನಿಂದ ಅಚ್ಚು ತಂದುಕೊಟ್ಟ. ಸೀಸದ ಮೇಲೆ ಗುರುತು ತೆಗೆದಾದ ಮೇಲೆ ಅಪ್ಪ ಅದನ್ನು ಇಕ್ಕಳದಲ್ಲಿ ಹಿಡಿದು ಸಾಣೆಚಕ್ರಕ್ಕೆ ಒತ್ತಿದ. ಕಿಡಿ ಹಾರಿದವು. ಸಾಕ್ಷಿಯ ಕಾಗದ ಹಿಡಿದು ನಾನು ಪಕ್ಕದಲ್ಲೇ ನಿಂತೆ.

ಮೇಸ್ತ್ರಿ ಬಗ್ಗಿ ನೋಡಿ, “ಆಗ್ಹೋಯ್ತು ಬಿಡಿ ಸಾರ್,” ಅಂದ.

ಅಪ್ಪ ಭೂತಗನ್ನಡಿ ತೆಗೆದ. ಅಚ್ಚನ್ನು ಬೆಳಕಿಗೆ ಹಿಡಿದು, ಕೆಲಸದಲ್ಲಿದ್ದಾಗ ಎಲ್ಲವನ್ನೂ ನೋಡುತ್ತಿದ್ದ ಹಾಗೆಯೇ, ತಿರುಗಿಸಿ ತಿರುಗಿಸಿ ನೋಡಿದ.

“ಇಲ್ಲ,” ಅಂದ. “ಏಳರ ಬಾಲ ಇನ್ನೂ ಕಾಣ್ತಿದೆ. ಈಗ್ಲೇ ಸಹಿ ಹಾಕ್ಬೇಡಮ್ಮ.”

ಮತ್ತೆ ಚಕ್ರಕ್ಕೆ ಒತ್ತಿದ. ನಾನು ಪೆನ್ನು ಹಿಡಿದು ಕಾದೆ.