ಕುದಿಸಿದ ನೀರು

“ಬಾಯಿ ಮುಚ್ಚೇ ಮುದುಕಿ! ಮೈ ತೊಳ್ಕೊಳ್ಳೋಕೆ ಬರ್ದಿರೋ ಜನ, ನೀರಲ್ಲಿ ಹುಳುಕು ಹುಡುಕ್ತೀರಾ?”

ಧಣಿ ಕೂಗಾಡುತ್ತಿದ್ದ. ಅವನ ಮೊಮ್ಮಗಳು ನನ್ನ ಸೊಂಟದ ಮೇಲಿದ್ದಳು. ಅವಳನ್ನು ಆಡಿಸುವುದು, ಹಾಲು ಕಲಸಿ ಕುಡಿಸುವುದು ನನ್ನ ಕೆಲಸ. ನನ್ನ ಸ್ವಂತ ಮೊಮ್ಮಗ, ಹಾಲುಗೂಸು, ತುಟಿ, ಉಗುರೆಲ್ಲ ನೇರಳೆಯಾಗಿ ಆಸ್ಪತ್ರೆ ಸೇರಿದ್ದ. ಧಣಿಯ ಕೋಳಿ ಫಾರಮ್ಮಿನ ಹಿಕ್ಕೆಯೆಲ್ಲ ನಮ್ಮ ಬಾವಿಯ ಪಕ್ಕದಲ್ಲೇ ಗುಡ್ಡೆ ಬೀಳುತ್ತದೆ. ಮಳೆ ಬಂದರೆ ಅದರ ರಸ ನೆಲಕ್ಕಿಳಿಯುತ್ತದೆ. ನಮ್ಮ ಬೀದಿ ನಲ್ಲಿಗೆ ಬರುವುದು ಆ ಬಾವಿಯ ನೀರೇ. ಧಣಿಯ ಮನೆಗೆ ಮಾತ್ರ ಪೇಟೆಯಿಂದ ಶುದ್ಧ ನೀರಿನ ಕ್ಯಾನು ಬರುತ್ತದೆ.

ನೀರಿನ ಇಲಾಖೆಯ ಸಾಹೇಬ ಜಗುಲಿಯಲ್ಲಿ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ. “ಕುದಿಸಿ ಕುಡೀರಿ ಅಂತ ಹೇಳಿದ್ನಲ್ಲಮ್ಮಾ?”

ಹೇಳಿದ್ದ, ಮುಂಡೇಗಂಡ. ಸೊಸೆಗೆ ಎದೆಹಾಲು ಬತ್ತಿ ಕೂಸಿಗೆ ಪುಡಿಹಾಲೇ ಗತಿಯಾಗಿತ್ತು. ಪಾಪ, ಅವಳು ಪಾತ್ರೆಯ ನೀರು ಅರ್ಧಕ್ಕಿಳಿಯುವ ತನಕ ಕುದಿಸುತ್ತಿದ್ದಳು. ಆಸ್ಪತ್ರೆಯ ನರ್ಸು ಕೇಳಿ ಹಣೆ ಚಚ್ಚಿಕೊಂಡಳು. “ಇದು ನೈಟ್ರೇಟು ಕಣಮ್ಮಾ, ಹಿಕ್ಕೆಯಿಂದ ನೀರಿಗಿಳಿಯೋ ವಿಷ. ಕುದಿಸಿದ್ರೆ ಹೋಗಲ್ಲ, ನೀರು ಇಂಗಿದಷ್ಟೂ ಜಾಸ್ತಿಯಾಗುತ್ತೆ. ದೊಡ್ಡೋರು ತಡ್ಕೋತಾರೆ, ಕೂಸಿನ ರಕ್ತ ತಡಿಯಲ್ಲ.” ಅಂದಿನಿಂದ ಸೊಸೆ ಒಲೆ ಹಚ್ಚಲೂ ಹೆದರುತ್ತಾಳೆ. ನಾಳೆ ಕೂಸನ್ನು ಮನೆಗೆ ಕಳಿಸುತ್ತಾರಂತೆ. ಬಂದು ಯಾವ ನೀರು ಕುಡಿಯಬೇಕು ಅದು?

“ಒಂದೇ ಒಂದು ಕ್ಯಾನು ಕೊಡಿ ಧಣಿ, ಕೂಸಿಗೆ.”

“ಇವತ್ತು ಕ್ಯಾನು, ನಾಳೆ ಫಾರಮ್ಮೇ ಕೇಳ್ತೀಯ. ಬೆರಳು ತೋರಿಸಿದ್ರೆ ಹಸ್ತ ನುಂಗೋ ಜಾತಿ ನಿಮ್ದು! ಏನಾಗಿದೆ ಆ ನೀರಿಗೆ? ತಾ ಇಲ್ಲಿ, ನಾನೇ ಕುಡೀತೀನಿ.”

ಸೊಸೆ ಕುದಿಸಿಟ್ಟಿದ್ದ ನೀರನ್ನು ಸಾಹೇಬನಿಗೆ ತೋರಿಸಲೆಂದು ಚೊಂಬಿನಲ್ಲಿ ತಂದಿದ್ದೆ. ಧಣಿ ಅದನ್ನು ಕಿತ್ತುಕೊಂಡು ಗಟಗಟ ಕುಡಿದ. “ನೋಡಿ ಸಾಹೇಬ್ರೇ, ಸತ್ತೆನಾ?” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಅಲ್ಲೇ ಕುಕ್ಕರಿಸಿ, ಅವನು ಕೆಳಗಿಟ್ಟ ಚೊಂಬಿನಲ್ಲಿ ಉಳಿದ ನೀರನ್ನು ಅವನ ಮೊಮ್ಮಗಳ ಬಾಟಲಿಗೆ ಬಗ್ಗಿಸಿ, ಹಾಲಿನ ಪುಡಿ ಹಾಕಿ ಕುಲುಕಿದೆ. ಬಾಟಲಿಯನ್ನು ಕೂಸಿನ ಬಾಯಿಯ ಹತ್ತಿರ ತಂದೆ.

ಧಣಿ ಹಾರಿ ಬಂದು ಹೊಡೆದ ಏಟಿಗೆ ಬಾಟಲಿ ಅಂಗಳಕ್ಕೆ ಹೋಗಿ ಬಿತ್ತು.

“ಲೇ ಹಾದರಗಿತ್ತಿ! ಆ ನೀರಾ ನನ್ನ ಕೂಸಿಗೆ?”

“ಯಾಕ್ ಧಣಿ, ಈಗ ತಾನೇ ನೀವೇ ಕುಡಿದ್ರಲ್ಲಾ?”

ಸಾಹೇಬನ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಧಣಿ ಅಂಗಳದ ಬಾಟಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವನ ದನಿ ಇಳಿಯಿತು.

“ಇಷ್ಟು ದಿನ... ಯಾವ ನೀರಲ್ಲಿ ಕಲಸ್ತಿದ್ದೆ?”

ಕ್ಯಾನಿನ ನೀರಲ್ಲೇ. ಆ ಕೂಸು ನನಗೇನು ಮಾಡಿತ್ತು? ಆದರೆ ಅದನ್ನು ಇವನಿಗೆ ಯಾಕೆ ಹೇಳಲಿ? ಬೇಯಲಿ, ನನ್ನ ಸೊಸೆ ಬೆಂದ ಹಾಗೆ.

“ತುಟಿ ಹೆಂಗಿದೆ, ನೀವೇ ನೋಡ್ಕೊಳ್ಳಿ” ಎಂದು ಕೂಸನ್ನು ಅವನ ಕೈಗಿಟ್ಟೆ. ಒಳಗೆ ಹೋಗಿ ತುಂಬಿದ ಕ್ಯಾನನ್ನು ತಲೆಯ ಮೇಲೆ ಹೊತ್ತುಕೊಂಡು ಅವನೆದುರಿಗೇ ಹೊರಟೆ. ಅವನು ಕೂಸನ್ನು ಬಿಸಿಲಿಗೆ ಹಿಡಿದು, ಅದು ಕಿರುಚುತ್ತಿದ್ದರೂ ಬಿಡದೆ ತುಟಿ ಎಳೆದೆಳೆದು ನೋಡುತ್ತಿದ್ದ.

“ಯಾವ ನೀರೇ? ಹೇಳಿ ಹೋಗೇ!”

ನಾನು ತಿರುಗಲಿಲ್ಲ.