ಲೊರೈನಳ ಆರು ನಿಮಿಷ

"ಆ ಹುಬ್ಬಿನ ಹೊಲಿಗೆ ಗುರುತಿನ ಮ್ಯಾಲೆ ಇನ್ನೊಸಿ ಪೌಡ್ರು ಬಳ್ಕಳೇ, ದರಿದ್ರದೋಳೇ. ಚಾ ಕುಡಿಯೋರಿಗೆ ವಾಕರಿಕೆ ಬತ್ತದೆ."

ಬೆರಿಲ್ ನಗರಸಭೆ ಕಟ್ಟಡದ ಚಹಾ ಗುತ್ತಿಗೆಯ ಮೇಸ್ತ್ರಿ. ಲೊರೈನ್ ಅವಳ ಕೈಕೆಳಗೆ ತಳ್ಳುಗಾಡಿ ನೂಕುವವಳು.

"ಫೋನು?"

"ಕೆಳಗಡೆ ಬೀರುನಾಗೆ ಮಡಗಿ ಬೀಗ ಜಡಿದೀನಿ. ಕುಂಡಿನೂ ತೋರಿಸ್ಲಾ, ನೋಡ್ಕತೀಯಾ?"

"ನಾಲಿಗೆ ನೋಡು! ಗಂಡ ಸುಮ್ಸುಮ್ಕೆ ಬಡೀಲಿಲ್ಲ ಬುಡು."

ಲೊರೈನ್ ಹುಬ್ಬಿಗೆ ಪೌಡರ್ ಬಳಿದುಕೊಂಡಳು. ಶುಕ್ರವಾರ ಗಂಡ ಕ್ರೇಗ್, ಲಿಂಕನ್ ಊರಿನ ಜೈಲಿನಿಂದ ಹೊರಬರುತ್ತಾನೆ. ಏಳು ವಾರದ ಹಿಂದೆ ಅವನು ಒದ್ದು ಮುರಿದ ಹಿತ್ತಿಲ ಬಾಗಿಲಿಗೆ ಇನ್ನೂ ಬಟ್ಟೆಯ ಬೀರುವೇ ಅಗುಳಿ. ಬೇರೆ ಮನೆ ಕೊಡಿ, ಅದಾಗದಿದ್ದರೆ ಬಾಗಿಲಾದರೂ ಕೊಡಿ ಎಂದು ನಗರಸಭೆಗೆ ಎರಡು ಅರ್ಜಿ ಹಾಕಿದ್ದಳು. "ನಿಮ್ಮ ವಿಷಯ ಸಮಿತಿಗೆ ಹೋಗುತ್ತದೆ, ಫೋನ್ ಮಾಡುತ್ತೇವೆ" ಎಂದು ಉತ್ತರ ಬಂದಿತ್ತು. ಅದಾದ ಮೇಲೆ ಮೂರು ಕರೆ ಬಂದಿದ್ದವು, ಮೂರೂ ಅವಳು ಕೆಲಸದಲ್ಲಿದ್ದಾಗ. ಸಂಖ್ಯೆ ಕಾಣಿಸದ ಕರೆಗಳು. ವಿಮೆ ಮಾರುವವರಿರಬೇಕೆಂದು ಸುಮ್ಮನಾಗಿದ್ದಳು.

ಮೂರನೇ ಮಹಡಿಯ ಬಾಗಿಲ ಮೇಲೆ 'ಸಮುದಾಯ–ಸರ್ಕಾರ ಸಹಭಾಗಿತ್ವ' ಎಂಬ ಫಲಕ. ಹದಿನೈದು ದಿನಕ್ಕೊಂದು ಮಂಗಳವಾರ ಅಲ್ಲಿ ಸಭೆ; ಏತರ ಸಭೆಯೋ ಲೊರೈನ್‌ಗೆ ಗೊತ್ತಿರಲಿಲ್ಲ. ಗಾಡಿ ಒಳಗೆ ಬಂದೊಡನೆ ಮಾತು ನಿಲ್ಲುತ್ತಿತ್ತು, ಅವಳು ಹೊರಗೆ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಆದರೆ ಈ ದಿನ ಬಿಸಿನೀರಿನ ಹಂಡೆಯ ನಲ್ಲಿ ಸೋರುತ್ತಿತ್ತು. ಕೆಳಗೆ ಬೋಗುಣಿ ಹಿಡಿದು ಅಲ್ಲೇ ಕೂತಿರು ಎಂದು ಬೆರಿಲ್ ಅಪ್ಪಣೆ ಮಾಡಿದ್ದಳು. ಲೊರೈನ್ ಹಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಕಾಲು ಗಂಟೆಯಲ್ಲಿ ಎಲ್ಲರೂ ಅವಳನ್ನು ಮರೆತರು.

"ಹೊಡೆತ ತಿಂದ ಹೆಂಗಸರ ಪಟ್ಟೀಲಿ ಹದಿನಾಲ್ಕನೇದು," ಎಂದಳು ಅಧ್ಯಕ್ಷತೆ ವಹಿಸಿದ್ದ ಪೊಲೀಸ್ ಅಧಿಕಾರಿ ಹಾಲಿಡೇ. "ಲೊರೈನ್ ಥ್ರೆಲ್‌ಫಾಲ್, ಹ್ಯಾಡಕ್ ಬೀದಿ. ಗಂಡ ಶುಕ್ರವಾರ ಬಿಡುಗಡೆ. ಜಿಲ್, ಏನಾಯ್ತು?"

ಹಂಡೆಯ ಹಿಂದೆ ಲೊರೈನ್ ಕಿವಿಗೊಟ್ಟಳು.

"ಮೂರು ಸಲ ಫೋನ್ ಮಾಡಿದೀನಿ ಮೇಡಂ. ಎತ್ತಲೇ ಇಲ್ಲ," ಎಂದಳು ನೆರವು ಕಚೇರಿಯ ಜಿಲ್.

"ಯಾವ ಹೊತ್ತಲ್ಲಿ?" ಸಮುದಾಯದ ಪರವಾಗಿ ಬಂದಿದ್ದ ಪಾದ್ರಿ ಕೇಳಿದ.

"ಇಲ್ಲಿಂದಲೇ ಫಾದರ್. ಚಹಾ ಬಂದಾಗ ಸ್ವಲ್ಪ ಬಿಡುವು ಸಿಗುತ್ತಲ್ಲ, ಆಗ."

"ಇಂಥೋರು ಸಹಕರಿಸಲ್ಲ ಬಿಡಿ," ಎಂದ ಮನೆ ಹಂಚಿಕೆಯ ಪ್ರಿಚರ್ಡ್. "ಇವತ್ತು ಹೊಡೆಸ್ಕೋತಾರೆ, ನಾಳೆ ಅವನನ್ನೇ ಒಳಗೆ ಕರ್ಕೋತಾರೆ. ಅರ್ಜಿ ತೆಗೆದುಹಾಕೋಣ. ಈ ಶುಂಠಿ ಬಿಸ್ಕತ್ತು ಚೆನ್ನಾಗಿದೆ, ಈ ಕಡೆ ತಳ್ಳಿ."

"ಬರ್ಕೊಳ್ಳಿ, ಸಂತ್ರಸ್ತೆ ಸ್ಪಂದಿಸಿಲ್ಲ. ಮುಕ್ತಾಯ." ಹಾಲಿಡೇ ಗಡಿಯಾರ ನೋಡಿದಳು. "ಒಬ್ಬೊಬ್ಬರಿಗೆ ಹತ್ತು ನಿಮಿಷ ಇಟ್ಟಿದ್ವಿ, ನಾಲ್ಕರಲ್ಲೇ ಮುಗೀತು."

ಲೊರೈನ್ ಎದ್ದು ಬಂದು ಬೋಗುಣಿಯನ್ನು ಮೇಜಿನ ಮೇಲೆ, ಕಾಗದಗಳ ಮೇಲೇ ಇಟ್ಟಳು.

"ಈಗ ಮಾಡ್ರಿ ಫೋನು."

"ಏನಮ್ಮಾ, ಹಾಲು ಖಾಲಿ ಆಯ್ತಾ?" ಎಂದ ಪ್ರಿಚರ್ಡ್.

"ಹ್ಯಾಡಕ್ ಬೀದಿಯೋಳಿಗೆ ಫೋನ್ ಮಾಡ್ರಿ ಅಂದೆ."

ಜಿಲ್ ಗಾಬರಿಯಲ್ಲಿ ಗುಂಡಿ ಒತ್ತಿಯೇಬಿಟ್ಟಳು. ಎಲ್ಲರಿಗೂ ಕೇಳುವಂತೆ ಏಳು ಸಲ ರಿಂಗಾಯಿತು. ಆಮೇಲೆ ಒಂದು ದನಿ: "ನಾನು ಲೊರೈನು. ಕೆಲ್ಸದಾಗಿವ್ನಿ. ಯಾರು ಅಂತ ಹೇಳಿ ಮಡಗ್ರಿ."

ಜಿಲ್ ತಲೆ ಎತ್ತಿ ಚಹಾದವಳ ಮುಖ ನೋಡಿದಳು. ಆಮೇಲೆ ಹುಬ್ಬು ನೋಡಿದಳು.

"ಕೆಳಗಡೆ ಬೀರುನಾಗೆ ಬಡ್ಕತಾ ಐತೆ," ಎಂದಳು ಲೊರೈನ್. "ನಿಮಗೆ ಚಾ ಕೊಡೋ ಹೊತ್ನಾಗೆ ಫೋನ್ ಮುಟ್ಟಂಗಿಲ್ಲ ಅಂತ ಗುತ್ತಿಗೇಲಿ ಬರೆಸಿರೋರು ನೀವೇಯ."

ಹಾಲಿಡೇ ಗಂಟಲು ಸರಿಮಾಡಿಕೊಂಡಳು. "ನೋಡಿ, ಸಂತ್ರಸ್ತರು ಈ ಸಭೆಯಲ್ಲಿ ಇರೋ ಹಾಗಿಲ್ಲ. ಅದು ನಿಯಮ. ನಿಮ್ಮ ಸುರಕ್ಷತೆಗಾಗೇ..."

"ಬಟ್ಟೆ ಬೀರು ಬಾಗ್ಲಿಗೆ ಒತ್ತರಿಸ್ಕಂಡು ಮಲಗ್ತೀನಿ ಕಣಮ್ಮೋ! ಶುಕ್ರವಾರ ಆ ಸೂಳೇಮಗ ಬಂದು ಒದ್ದಾಗ ಬೀರು ನಿಮ್ಮ ನಿಯಮ ಓದಿ ಹೇಳ್ತದಾ?"

ಗದ್ದಲಕ್ಕೆ ಬೆರಿಲ್ ಬಾಗಿಲಿಗೆ ಬಂದಳು. "ಏಯ್! ಆಚೆ ಬಾರೆ! ಇವತ್ತಿಗೆ ಮುಗೀತು ನಿನ್ ಕೆಲ್ಸ!"

ಲೊರೈನ್ ಏಪ್ರನ್ ಬಿಚ್ಚಿ ಪ್ರಿಚರ್ಡನ ಬಿಸ್ಕತ್ತಿನ ತಟ್ಟೆಯ ಮೇಲೆ ಹಾಕಿದಳು. ಒಂದು ಕುರ್ಚಿಯ ತುಂಬ ಎಲ್ಲರ ಕೋಟುಗಳು ರಾಶಿಬಿದ್ದಿದ್ದವು. ಅವನ್ನು ನೆಲಕ್ಕೆ ತಳ್ಳಿ, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕೂತಳು.

"ನಂದು ಇನ್ನೂ ಆರು ನಿಮಿಷ ಐತೆ," ಎಂದಳು. "ಆ 'ಮುಕ್ತಾಯ' ಹೊಡೆದಾಕಿ, ಬಾಗ್ಲು ಅಂತ ಬರೀರಿ."

ಹಿಂದೆ ಹಂಡೆ ಸೋರುತ್ತಲೇ ಇತ್ತು. ಬೋಗುಣಿ ಇರಲಿಲ್ಲ. ಬಿಸಿನೀರು ಜಮಖಾನೆಯ ಮೇಲೆ ಹಬ್ಬುತ್ತ ಮೇಜಿನಡಿಗೆ ಬಂತು. ಒಬ್ಬೊಬ್ಬರಾಗಿ ಎಲ್ಲರೂ ಕಾಲು ಎತ್ತಿಕೊಂಡರು. ಪೆನ್ನನ್ನು ಯಾರೂ ಎತ್ತಲಿಲ್ಲ.