ಕಂಪ್ಲೇಂಟ್ ಮಾಡದ ರೂಮು

ನಮ್ಮಕ್ಕನ ಬಲಗಣ್ಣಿನ ಆಪರೇಷನ್ ತಪ್ಪಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಹೋಟೆಲಿಗೆ ಬರುವ ಗಿರಾಕಿಗಳನ್ನು, ನಮ್ಮ ಮ್ಯಾನೇಜರನ್ನು, ಸಿಕ್ಕಸಿಕ್ಕವರನ್ನೆಲ್ಲ ಬೈಯುವವನಿದ್ದೇನೆ. ಆಗ ಇವನೊಬ್ಬ ಸಾಚಾ ಎಂದು ನೀವು ಮೋಸಹೋಗಬಾರದು. ಅಕ್ಕನ ಎಡಗಣ್ಣು ಹೋಗಿ ಆರು ವರ್ಷವಾಗಿತ್ತು. ಬಲಗಣ್ಣಲ್ಲೂ ಒಳಗಿನ ಒತ್ತಡ ಏರಿ ನೋಟ ಮಂಜಾಗುತ್ತಿತ್ತು. ಅಂಥ ಕಣ್ಣಿಗೆ ಕೈಹಾಕುವ ಡಾಕ್ಟರು ಇದ್ದದ್ದೇ ಒಬ್ಬರು, ಅವರ ಸರದಿ ಸಿಗಲು ಅವಳು ಏಳು ತಿಂಗಳು ಕಾದಿದ್ದಳು. ಆ ಆಸ್ಪತ್ರೆ ಇರುವುದು ನಮ್ಮ ಹೋಟೆಲಿನಿಂದ ಎರಡು ಸಿಗ್ನಲ್ ಆಚೆ.

ನಾನು ನಗರದ ನಟ್ಟನಡುವಿನ ಈ ಹೋಟೆಲಿನ ರಿಪೇರಿಯವನು. ಐದು ಮಹಡಿ, ಅರವತ್ತೆರಡು ರೂಮು. ಬಾಗಿಲಲ್ಲಿ ಆಳೆತ್ತರದ ಹೂದಾನಿ, ಮುಖ ಕಾಣುವಷ್ಟು ಉಜ್ಜಿದ ನೆಲ, ಗೋಡೆಯಲ್ಲಿ ನೀರು ಸುರಿಯುವ ಅಲಂಕಾರ ಬೇರೆ. ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತು ಇಂಥ ಹೋಟೆಲನ್ನು ನೋಡಿಯೇ ಹುಟ್ಟಿರಬೇಕು. ಗೋಡೆಯಲ್ಲಿ ದಿನವಿಡೀ ನೀರು ಸುರಿಯುತ್ತದೆ, ನಾಲ್ಕನೇ ಮಹಡಿಯ ಬಚ್ಚಲಲ್ಲಿ ಮಾತ್ರ ನಲ್ಲಿ ಕೆಮ್ಮುತ್ತದೆ.

ಹೊಸ ಸಾಮಾನು ಬೇಕೆಂದು ಕೇಳಿದರೆ ನಮ್ಮ ಮ್ಯಾನೇಜರ್ ಕತ್ತಿನ ಟೈ ಸರಿಮಾಡಿಕೊಂಡು, "ಇರೋದ್ರಲ್ಲೇ ಅಡ್ಜಸ್ಟ್ ಮಾಡ್ರಿ" ಎನ್ನುತ್ತಾನೆ. ಅವನನ್ನು ನಾವು ಹಿಂದಿನಿಂದ ಕರೆಯುವುದೇ ಟೈ ಎಂದು. ಹದಿನಾಲ್ಕು ವರ್ಷದಿಂದ ನಾನು ಮಾಡಿದ್ದು ಅದೊಂದೇ, ಅಡ್ಜಸ್ಟು. ಒಂದು ರೂಮಿನ ಗೀಸರಿನಲ್ಲಿ ನೀರು ಕಾಯಿಸುವ ಕಾಯಿಲ್ ಸುಟ್ಟರೆ ಇನ್ನೊಂದು ರೂಮಿನದು ಬಿಚ್ಚಿ ಹಾಕುತ್ತೇನೆ. ಇಲ್ಲಿಯ ಶವರ್ ಅಲ್ಲಿಗೆ, ಅಲ್ಲಿಯ ಬಲ್ಬು ಇಲ್ಲಿಗೆ. ನಮ್ಮಲ್ಲಿ ಸರಿಯಾಗಿರುವ ಗೀಸರ್ ಕಾಯಿಲ್‌ಗಳು ನಲವತ್ತು ಇದ್ದರೆ ಹೆಚ್ಚು, ಅವು ಗಿರಾಕಿಗಳಿಗಿಂತ ಹೆಚ್ಚು ರೂಮು ನೋಡಿವೆ.

ಹಾಗಾದರೆ ಯಾರ ರೂಮಿನದು ಬಿಚ್ಚಬೇಕು? ಅದಕ್ಕೊಂದು ಕ್ರಮವಿದೆ. ನಾನು ಕೌಂಟರಿನ ಹುಡುಗಿಗೆ ಫೋನ್ ಮಾಡಿ, "ಯಾವ ರೂಮಿಂದ ಕಾಲ್ ಬಂದಿಲ್ಲ?" ಎಂದು ಕೇಳುತ್ತೇನೆ. ಬಂದಾಗಿನಿಂದ ಒಂದು ಸಲವೂ ಫೋನೆತ್ತದವರ ರೂಮು ಯಾವುದೋ ಅದರದ್ದನ್ನು ಕೀಳುತ್ತೇನೆ. ಕೂಗಾಡುವವರಿಗೆ ಕೊಡುತ್ತೇನೆ. ಅಳುವ ಮಗುವಿಗೇ ಹಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬಾಯಿ ಸತ್ತವರು ತಣ್ಣೀರಲ್ಲಿ ಮಿಂದು, ಬಿಲ್ಲು ಕೊಟ್ಟು, ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಅವರ ಬಗ್ಗೆ ನನಗೆ ಮರುಕವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ತಾತ್ಸಾರವೇ ಇತ್ತು.

ಕೂಗಾಡುವವರ ಮೇಲಂತೂ ಹೊಟ್ಟೆಯೊಳಗಿನಿಂದ ಸಿಟ್ಟು. ದಿಂಬು ಎತ್ತರವಾಯಿತು, ದಿಂಬು ತಗ್ಗಾಯಿತು, ಕಿಟಕಿಯಿಂದ ಎದುರು ಕಟ್ಟಡದ ಬೆನ್ನು ಕಾಣುತ್ತದೆ, ಲಿಫ್ಟು ನಿಧಾನ. ಒಬ್ಬಳು ಟವೆಲ್ ಬಿಳಿ ಇದೆ ಆದರೆ ಆ ಬಿಳಿ ಅಲ್ಲ ಎಂದು ಅರ್ಧ ಗಂಟೆ ನಿಲ್ಲಿಸಿ ಬೈದಳು. ಮನೆಯಲ್ಲಿ ಹೆಂಡತಿ ಕೊಟ್ಟಿದ್ದನ್ನು ತಲೆತಗ್ಗಿಸಿ ತಿನ್ನುವ ಗಂಡಸು ಹೋಟೆಲ್ ರೂಮಿನ ಬೀಗದಕೈ ಸಿಕ್ಕಿದೊಡನೆ ಹೊಸ ಅಳಿಯನಾಗಿಬಿಡುತ್ತಾನೆ. ನಾನು ಅವರೆದುರು "ಸರಿ ಸಾರ್" ಎನ್ನುತ್ತೇನೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಅವರ ಏಳು ತಲೆಮಾರನ್ನು ಜಾಲಾಡುತ್ತೇನೆ.

ಅಕ್ಕನಿಗೆ ನನ್ನ ಈ ಕೆಲಸ ಗೊತ್ತಿರಲಿಲ್ಲ. ನಮ್ಮಮ್ಮ ಹೋದಾಗ ನನಗೆ ಐದು ವರ್ಷ, ಅವಳಿಗೆ ಹದಿನೇಳು. ಅಂಗಿಗಳ ಗುಂಡಿತೂತಿಗೆ ಕಾಜಾ ಹೊಲಿದು ನನ್ನನ್ನು ಸಾಕಿದವಳು ಅವಳು. ದಿನಕ್ಕೆ ಇನ್ನೂರು ಕಾಜಾ, ಅದೇ ಕಣ್ಣಲ್ಲಿ. ಅವಳಿಗೆ ನಾನು ಫೋನಿನಲ್ಲಿ ಇಂಜಿನಿಯರ್ ಎಂದು ಹೇಳಿದ್ದೆ. "ಇಡೀ ಹೋಟೆಲು ನನ್ನ ಕೈಲೇ ನಡೆಯೋದು ಅಕ್ಕ, ನೀನು ಈ ಕಡೆ ಬಂದ್ರೆ ಹೇಳು, ದೊಡ್ಡ ರೂಮು ಕೊಡಿಸ್ತೀನಿ" ಎಂದೂ ಕೊಚ್ಚಿಕೊಂಡಿದ್ದೆ. ಅವಳೆಲ್ಲಿ ಬರುತ್ತಾಳೆ ಎಂಬ ಧೈರ್ಯ. ಅವಳನ್ನು ನೋಡಲು ಹೋಗದೆ ನಾಲ್ಕು ವರ್ಷವಾಗಿತ್ತು.

ಅವಳು ಬಂದಳು. ತನ್ನ ಸೊಸೆಯ ಫೋನಿನಿಂದ, ಸೊಸೆಯ ಹೆಸರಿನಲ್ಲಿ ರೂಮು ಹಿಡಿದು ಸೋಮವಾರ ಮಧ್ಯಾಹ್ನ 305ಕ್ಕೆ ಬಂದಿಳಿದಳು. ಮಂಗಳವಾರ ಪರೀಕ್ಷೆಗಳು, ಗುರುವಾರ ಬೆಳಿಗ್ಗೆ ಆಪರೇಷನ್. ಸೊಸೆ ಕೆಲಸಕ್ಕೆ ರಜೆ ಸಿಗದೆ ಅವಳನ್ನು ಬಿಟ್ಟುಹೋಗಿ, ಗುರುವಾರ ನೇರ ಆಸ್ಪತ್ರೆಗೆ ಬರುವುದೆಂದು ಮಾತಾಗಿತ್ತು. ನನಗೆ ಇದಾವುದೂ ತಿಳಿಯದು. ಈಗ ಲೆಕ್ಕ ಹಾಕಿದರೆ ಅವಳು ಮೂರು ದಿನ ನಾನು ಓಡಾಡುವ ಮೂರನೇ ಮಹಡಿಯಲ್ಲೇ ಇದ್ದಳು.

ಮಂಗಳವಾರ ಬೆಳಿಗ್ಗೆ 411ಕ್ಕೆ ಒಬ್ಬ ಬಂದ. ಅವನ ದನಿ ಕೇಳಿ ಕೌಂಟರಿನ ಹುಡುಗಿ ಹತ್ತು ನಿಮಿಷದಲ್ಲೇ ಅವನಿಗೆ ಗುಡುಗು ಎಂದು ಹೆಸರಿಟ್ಟಳು. ಬಿಸಿನೀರಿಲ್ಲ, ಎಸಿ ತಣ್ಣಗಾಗುತ್ತಿಲ್ಲ, ಇದೇನು ಹೋಟೆಲೋ ಗೋದಾಮೋ, ನಾನು ಯಾರು ಗೊತ್ತಾ. ಯಾರೆಂದು ಕೊನೆಯವರೆಗೂ ಹೇಳಲಿಲ್ಲ. ಟೈ ಬೆವರು ಒರೆಸಿಕೊಂಡು ನನ್ನ ಬಳಿ ಓಡಿಬಂದ. "ಏನಾದ್ರೂ ಮಾಡ್ರಿ, ಇವನು ಇಂಟರ್ನೆಟ್ಟಲ್ಲಿ ಬರೆದುಬಿಟ್ರೆ ಮಾನ ಹೋಗುತ್ತೆ" ಎಂದ.

ನಾನು ಕೌಂಟರಿಗೆ ಫೋನ್ ಮಾಡಿದೆ. "305, ಒಬ್ಬರೇ ಹೆಂಗಸು" ಎಂದಳು ಹುಡುಗಿ. "ನಿನ್ನೆಯಿಂದ ಒಂದು ಕಾಲ್ ಇಲ್ಲ. ಈಗ ಹೊರಗೆ ಹೋದ್ರು."

ನನ್ನ ಬೀಗದಕೈಯಿಂದ 305 ತೆರೆದೆ. ಒಳಗೆ ಹೊದಿಕೆ ಮಡಿಸಿಟ್ಟಿತ್ತು. ರೂಮಿನ ಕೆಲಸದವಳು ಇನ್ನೂ ಆ ಕಡೆ ಬಂದಿರಲಿಲ್ಲ, ಗಿರಾಕಿಯೇ ಮಡಿಸಿದ್ದು. ಒದ್ದೆ ಟವೆಲನ್ನು ಹಿಂಡಿ ಸರಳಿಗೆ ನೇರ ಹರವಿದ್ದಳು. ನೆಲದ ಮೇಲೆ ಒಂದು ಹನಿ ನೀರಿಲ್ಲ. ಇಂಥವರನ್ನು ನೋಡಿದರೆ ನನಗೆ ನಗು ಬರುತ್ತಿತ್ತು, ದುಡ್ಡು ಕೊಟ್ಟು ಬಂದು ಚಾಕರಿ ಮಾಡುವ ಪ್ರಾಣಿಗಳು. ಈಕೆ ಖಂಡಿತ ಬಾಯಿ ಬಿಡುವವಳಲ್ಲ ಎಂದುಕೊಂಡು ಕೆಲಸ ಶುರುಮಾಡಿದೆ. ಗೀಸರಿನ ಕಾಯಿಲ್ ಬಿಚ್ಚಿದೆ. ಎಸಿಯನ್ನು ಹೆಚ್ಚು ಕಡಿಮೆ ಮಾಡುವ ಡಬ್ಬಿ ಗೋಡೆಯ ಮೇಲಿರುತ್ತದೆ, 411ರದು ಕೆಟ್ಟಿತ್ತೆಂದು ಅದನ್ನೂ ಕಿತ್ತು, ತಂತಿಗಳನ್ನು ಗೋಡೆಯೊಳಗೆ ತುರುಕಿ, ಮೇಲೊಂದು ಬಿಳಿ ಮುಚ್ಚಳ ಬಡಿದೆ. ಡಬ್ಬಿ ಇಲ್ಲದಿದ್ದರೆ ನಮ್ಮ ಎಸಿ ನಿಲ್ಲುವುದಿಲ್ಲ. ಪೂರ್ತಿ ತಣ್ಣಗೆ, ಹಗಲು ರಾತ್ರಿ ಓಡುತ್ತಲೇ ಇರುತ್ತದೆ. ಕಿಟಕಿಗಳು ತೆರೆಯುವಂಥವಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಇಪ್ಪತ್ತು ನಿಮಿಷದಲ್ಲಿ 411ರಲ್ಲಿ ಗುಡುಗಿನ ಸ್ನಾನ ನಡೆದಿತ್ತು.

ಸಂಜೆ ಅವನು ಮತ್ತೆ ಫೋನ್ ಮಾಡಿದ, ನೀರು ಅತಿ ಬಿಸಿಯಂತೆ. ಬುಧವಾರ ರೂಮು ಖಾಲಿ ಮಾಡಿ, ಟ್ಯಾಕ್ಸಿ ಹತ್ತುವ ಮೊದಲೇ, 'ನಿರಾಶಾದಾಯಕ ಅನುಭವ' ಎಂದು ಒಂದೇ ಒಂದು ಸ್ಟಾರ್ ಕೊಟ್ಟು ಇಂಟರ್ನೆಟ್ಟಿನಲ್ಲಿ ಉಗಿದು ಹೋದ. ಅಂಥವನಿಗಾಗಿ ನಾನು ಬಿಚ್ಚಿದ್ದು.

ಬುಧವಾರ ಮಧ್ಯಾಹ್ನ ಮೂರನೇ ಮಹಡಿಯಲ್ಲಿ ಬಲ್ಬು ಬದಲಿಸುತ್ತಿದ್ದೆ. 305ರ ಒಳಗಿನಿಂದ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಬಿಟ್ಟು ಬಿಟ್ಟು ಬರುತ್ತಿತ್ತು. ಏಣಿಯ ಮೇಲೆ ಒಂದು ಕ್ಷಣ ನಿಂತೆ. ಗುಡುಗು ಹೋಗಿದ್ದ, ಕಾಯಿಲ್, ಡಬ್ಬಿ ಎರಡೂ 411ರಲ್ಲಿ ಸುಮ್ಮನೆ ಬಿದ್ದಿದ್ದವು, ಮನಸ್ಸು ಮಾಡಿದ್ದರೆ ವಾಪಸು ಹಾಕಬಹುದಿತ್ತು. ಕಾಲ್ ಬಂದಿಲ್ಲವಲ್ಲ ಎಂದು ಏಣಿ ಎತ್ತಿಕೊಂಡು ಮುಂದಿನ ಬಲ್ಬಿಗೆ ಹೋದೆ. ಇದೊಂದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಕೌಂಟರಿನ ಹುಡುಗಿ ಫೋನ್ ಮಾಡಿ, "305ನವರು ಖಾಲಿ ಮಾಡ್ತಿದಾರೆ, ನಿಮ್ಮನ್ನ ಕೇಳ್ತಿದಾರೆ. ಇಂಜಿನಿಯರ್ ಸಾಹೇಬ್ರು ಅಂತಿದಾರೆ, ಯಾರೋ ಏನೋ" ಎಂದು ನಕ್ಕಳು. ಕೆಳಗಿಳಿದು ಹೋದರೆ ಕೌಂಟರಿನ ಅಂಚು ಹಿಡಿದು ಅಕ್ಕ ನಿಂತಿದ್ದಳು. ನಾಲ್ಕು ವರ್ಷದಲ್ಲಿ ಅರ್ಧ ಆಗಿದ್ದಳು. ನಾನು ಎದುರಿಗೆ ಬಂದರೂ ಅವಳ ನೋಟ ನನ್ನ ಭುಜದ ಪಕ್ಕಕ್ಕೆ ಹೋಯಿತು.

"ಅಕ್ಕ" ಎಂದೆ.

"ಬಂದ್ಯಾ ಪುಟ್ಟಾ. ಹೋಗೋ ಮುಂಚೆ ಒಂದ್ಸಲ ಮಾತಾಡ್ಸೋಣ ಅಂತ ನಿಂತೆ" ಎಂದಳು. ಅಷ್ಟರಲ್ಲಿ ಕೆಮ್ಮು ಬಂದು ಮಾತು ನಿಂತಿತು. ಆ ಕೆಮ್ಮಿನ ಗುರುತು ನನಗೆ ತಕ್ಷಣ ಸಿಕ್ಕಿತು.

"ಆಪರೇಷನ್ ಮಾಡ್ಲಿಲ್ಲ ಕಣೋ" ಎಂದಳು. "ಜ್ವರ ಇದೆ, ಕೆಮ್ಮಿದೆ, ಕಣ್ಣೊಳಗೆ ಉಪಕರಣ ಇಟ್ಟಿರೋವಾಗ ಕೆಮ್ಮಿದ್ರೆ ಇರೋದೂ ಹೋಗುತ್ತೆ ಅಂದ್ರು. ಮತ್ತೆ ಸರದಿ ಬರೋದು ಐದು ತಿಂಗಳಿಗಂತೆ. ಅಲ್ಲಿವರೆಗೆ ಕಣ್ಣು ತಡೆಯೋದು ಕಷ್ಟ ಅಂತಾನೂ ಹೇಳಿದ್ರು. ಮುಚ್ಚಿಡ್ಲಿಲ್ಲ ಅವ್ರು, ಒಳ್ಳೆ ಜನ."

"ಬಂದಿದ್ದು ಯಾಕೆ ಹೇಳ್ಲಿಲ್ಲ?" ಎಂದೆ.

"ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ್ಮೇಲೆ ನಿನ್ನ ಮುಖ ನೋಡ್ಕೊಂಡೇ ಮಾತಾಡ್ಸೋಣ ಅಂತಿದ್ದೆ."

"ರೂಮಲ್ಲಿ ತೊಂದ್ರೆ ಆದಾಗ್ಲಾದ್ರೂ ಒಂದು ಫೋನ್ ಮಾಡ್ಬಾರ್ದಿತ್ತಾ?"

"ತೊಂದ್ರೆ ಏನಲ್ಲ ಬಿಡು. ಮೊದಲನೇ ದಿನ ಬಿಸಿನೀರು ಬಂತು. ಆಮೇಲೆ ನಂಗೆ ತಿರುಗ್ಸೋಕೆ ಬರ್ತಿಲ್ಲವೇನೋ ಅಂದ್ಕೊಂಡೆ. ಚಳಿ ತಡೀಲಾರ್ದೆ ಎಸಿ ಆರಿಸೋಣ ಅಂತ ಗೋಡೆ ಪೂರ್ತಿ ತಡಕಾಡ್ದೆ. ಸೋಮವಾರ ಇದ್ದ ಡಬ್ಬಿ ಮಂಗಳವಾರ ಸಿಗ್ಲೇ ಇಲ್ಲ. ಒಂದೇ ದಿನದಲ್ಲಿ ಕಣ್ಣು ಇಷ್ಟು ಮಂಜಾಯ್ತಾ ಅಂತ ಭಯ ಆಯ್ತು ಕಣೋ. ರಾತ್ರಿ ಎಲ್ಲ ಗೋಡೆ ಸವರಿದೀನಿ." ಅವಳು ದನಿ ತಗ್ಗಿಸಿದಳು. "ಫೋನ್ ಮಾಡೋಣ ಅಂದ್ರೆ, ಇದು ನಿನ್ನ ಹೋಟ್ಲು. ನಾನು ದೂರು ಹೇಳಿ ನಿಂಗೆ ಕೆಟ್ಟ ಹೆಸರು ಬರೋದು ಬೇಡ ಅಂತ ಸುಮ್ಮನಿದ್ದೆ."

ಸುಳ್ಳು ಹೇಳಬಹುದಿತ್ತು. ಹೌದು ಅಕ್ಕ, ನಿನ್ನ ಕಣ್ಣಿನ ತೊಂದರೆಯೇ ಇರಬೇಕು ಎಂದಿದ್ದರೆ ಅವಳು ನಂಬಿ, ನನ್ನ ತಲೆ ಸವರಿ ಹೋಗುತ್ತಿದ್ದಳು. ನಾಲಗೆಯ ತುದಿಗೆ ಆ ಮಾತು ಬಂದಿತ್ತು ಕೂಡ. ಆದರೆ ರಾತ್ರಿಯಿಡೀ ಗೋಡೆ ಸವರಿದ ಆ ಕೈ ಇನ್ನೂ ಕೌಂಟರಿನ ಅಂಚನ್ನು ಹಿಡಿದಿತ್ತು.

"ಡಬ್ಬಿ ಇರ್ಲಿಲ್ಲ ಅಕ್ಕ" ಎಂದೆ. "ನಾನೇ ಕಿತ್ತೆ. ಬಿಸಿನೀರಿನ ಕಾಯಿಲ್ಲೂ ನಾನೇ ಬಿಚ್ಚಿದ್ದು. ಬೇರೆ ರೂಮಿನವನು ಕೂಗಾಡ್ತಿದ್ದ, ನಿನ್ನ ರೂಮಿಂದ ಕಾಲ್ ಬಂದಿರ್ಲಿಲ್ಲ. ನೀನು ಅಂತ ಗೊತ್ತಿರ್ಲಿಲ್ಲ."

ಅವಳು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, "ಬೇರೆ ಯಾರಾದ್ರೂ ಆಗಿದ್ರೆ ಸರಿನಾ?" ಎಂದು ಕೇಳಿದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ದನಿ ಕೇಳಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ಮುರಿದಾಗಲೂ ಕೈಯಲ್ಲಿದ್ದ ಅಂಗಿ ಮುಗಿಸಿಯೇ ಎದ್ದವಳು ಅವಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಬೈದಿದ್ದರೂ ಸಮಾಧಾನವಾಗುತ್ತಿತ್ತು, ಆದರೆ ನಾನು ಊರಿಗೂ ಮಾರಿಯೇ ಆಗಿದ್ದೆ.

ಗಲಾಟೆಯ ವಾಸನೆ ಹಿಡಿದು ಟೈ ಬಂದ. ಕೈ ಜೋಡಿಸಿ, "ಮೇಡಂ, ತೊಂದರೆಗೆ ಕ್ಷಮಿಸಿ. ಈಗ್ಲೇ ಬೇರೆ ರೂಮು ಕೊಡ್ತೀವಿ, ಎಲ್ಲಾ ಸರಿ ಇರೋ ರೂಮು" ಎಂದ.

"ಅದಕ್ಕೆ ಯಾವ ರೂಮಿಂದ ಕೀಳ್ತೀರಿ?" ಎಂದಳು ಅಕ್ಕ.

ಟೈ ನನ್ನ ಮುಖ ನೋಡಿದ. ನಾನು ಥಳಥಳಿಸುವ ನೆಲ ನೋಡಿದೆ.

"ಒಂದು ಹಾಳೆ ಕೊಡಿ, ಪೆನ್ನು ಕೊಡಿ" ಎಂದು ಅವಳು ಕೌಂಟರ್ ತಟ್ಟಿದಳು. ಬಾಗಿಲ ಬಳಿ ಪೆಟ್ಟಿಗೆ ಹಿಡಿದು ನಿಂತಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಹಾಳೆ ಕೈಗೆ ಬಂದ ಮೇಲೆ ನನ್ನ ಕಡೆ ಚಾಚಿ, "ನಂಗೆ ಗೆರೆ ಕಾಣಲ್ಲ. ನೀನೇ ಬರಿ" ಎಂದಳು.

"ಅಕ್ಕ, ಮನೆಗೆ ಹೋಗಿ ಮಾತಾಡೋಣ."

"ಬರಿ ಅಂದೆ."

ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಬಂದ ದಿನ, ರೂಮಿನ ನಂಬರು, ತಣ್ಣೀರು, ಎರಡು ರಾತ್ರಿಯ ಚಳಿ, ಆಪರೇಷನ್ನಿಗೆ ತಲೆಸ್ನಾನ ಮಾಡಿ ಬರಬೇಕೆಂದು ಆಸ್ಪತ್ರೆಯವರು ಹೇಳಿದ್ದು, ಅದೇ ತಣ್ಣೀರಲ್ಲಿ ತಲೆ ತೊಳೆದದ್ದು. ನಡುನಡುವೆ ಕೆಮ್ಮು ಬಂದಾಗ ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಯಾರು ಕಿತ್ತರು ಎಂಬ ಕಡೆ ಬಂದಾಗ ನಾನು 'ಹೋಟೆಲಿನವರು' ಎಂದು ಬರೆಯಲು ಹೊರಟಿದ್ದೆ. ಅವಳು ಅಷ್ಟರಲ್ಲೇ, "ನಿನ್ನ ಹೆಸರು ಪೂರ್ತಿ ಬರಿ. ನಾನು ಇಟ್ಟಿದ್ದು ಆ ಹೆಸರು" ಎಂದಳು. ಬರೆದೆ. ಬುಧವಾರದ ಏಣಿಯ ಮಾತನ್ನು ಅವಳು ಹೇಳದಿದ್ದರೂ ನಾನೇ ಸೇರಿಸಿದೆ.

"ಓದು" ಎಂದಳು. ಓದಿದೆ. ಏಣಿಯ ಭಾಗ ಬಂದಾಗ ಅವಳ ಕೈ ಒಮ್ಮೆ ಕೌಂಟರಿನ ಅಂಚನ್ನು ಬಿಟ್ಟು ಮತ್ತೆ ಹಿಡಿಯಿತು. ಆ ಕೊನೆಯ ಸಾಲಿಗಾದರೂ ಅವಳು ನನ್ನ ಕಡೆ ಸ್ವಲ್ಪ ಮೆತ್ತಗಾದಾಳು ಎಂಬ ಆಸೆ ನನಗಿತ್ತು.

ಅವಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಕೌಂಟರಿನ ಹುಡುಗಿಯ ಕಡೆ ಹಿಡಿದಳು. "ನೀನೊಂದ್ಸಲ ಓದಮ್ಮ. ಇವನು ಓದಿದ್ದೇ ಅದ್ರಲ್ಲಿ ಇದೆಯಾ ನೋಡು."

ಹುಡುಗಿ ನನ್ನನ್ನೊಮ್ಮೆ ನೋಡಿ, ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು. ಪೆಟ್ಟಿಗೆಯವರು, ಟೈ, ಎಲ್ಲರೂ ನನ್ನ ಹೆಸರು ಕೇಳಿದರು. ಅಕ್ಕ ಪ್ರತಿ ಸಾಲಿಗೂ ತಲೆದೂಗಿ, ಕೊನೆಗೆ "ಸರಿ ಇದೆ" ಎಂದು ಹುಡುಗಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು. ಹೊರಗೆ ಸೊಸೆ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ನಾನು ಅಕ್ಕನ ಚೀಲಕ್ಕೆ ಕೈ ಹಾಕಿದೆ, ಅವಳು ಅದನ್ನು ಎಳೆದುಕೊಂಡಳು.

"ಮೆಟ್ಟಿಲು ಎಷ್ಟಿದೆಯಮ್ಮ?" ಎಂದು ಹುಡುಗಿಯನ್ನು ಕೇಳಿ, ಅವಳ ಮೊಣಕೈ ಹಿಡಿದು ಇಳಿದು ಹೋದಳು.